ಬೇಸಿಗೆ ರಜೆಯಲ್ಲಿ ಮಡಿಕೇರಿ: ಅವಸರವಿಲ್ಲದೆ ನೋಡುವ ಬಗೆ

ಮಡಿಕೇರಿಗೆ ರೈಲಿಲ್ಲ. ಮೈಸೂರಿನಿಂದ ಸುಮಾರು 120 ಕಿ.ಮೀ. ರಸ್ತೆ, ಕೊನೆಯಲ್ಲಿ ತಿರುವುಗಳು ಹೆಚ್ಚು. ವಾಂತಿಯಾಗುವವರು ಹೊಟ್ಟೆ ತುಂಬ ತಿಂದು ಹೊರಡಬೇಡಿ. ಕನಿಷ್ಠ ಎರಡು ರಾತ್ರಿ ಉಳಿಯಿರಿ.

ಮೊದಲ ದಿನ ಊರಿಗಷ್ಟೇ ಇಡಿ. ಕೋಟೆಯೊಳಗಿನ ಕಲ್ಲಾನೆಗಳು, 1820ರಲ್ಲಿ ಕೊಡಗಿನ ರಾಜ ಲಿಂಗರಾಜೇಂದ್ರ ಕಟ್ಟಿಸಿದ ಓಂಕಾರೇಶ್ವರ ದೇವಾಲಯ, ರಾಜರ ಗದ್ದಿಗೆ, ಅಂದರೆ ಸಮಾಧಿಗಳು. ಗುಮ್ಮಟ, ಮಿನಾರುಗಳಿರುವ ಆ ದೇವಾಲಯದ ಕೊಳದ ಬಳಿ ಸ್ವಲ್ಪ ಕೂತೇ ಬನ್ನಿ. ಸೂರ್ಯಾಸ್ತಕ್ಕೆ ಅರ್ಧ ಗಂಟೆ ಮೊದಲೇ ಕಣಿವೆ ಕಾಣುವ ಉದ್ಯಾನ ರಾಜಾಸೀಟಿನಲ್ಲಿರಿ.

ಎರಡನೆಯ ದಿನ ಬೆಳಿಗ್ಗೆಯೇ ಅಬ್ಬಿ ಜಲಪಾತಕ್ಕೆ ಹೊರಡಿ, ದೂರ ಸುಮಾರು 8 ಕಿ.ಮೀ. ತಡವಾದರೆ ಕಿರಿದಾದ ರಸ್ತೆಯಲ್ಲಿ ವಾಹನಗಳು ಸಿಕ್ಕಿಕೊಳ್ಳುತ್ತವೆ. ಕಾಫಿ, ಮೆಣಸಿನ ತೋಟದ ನಡುವೆ ಮೆಟ್ಟಿಲಿಳಿಯಬೇಕು. ಹತ್ತುವಾಗ ಮಂಡಿನೋವಿನವರಿಗೆ ಕಷ್ಟ. ಏಪ್ರಿಲ್‌ನಲ್ಲಿ ನೀರು ಸಣ್ಣಗಿರುತ್ತದೆ, ಮಳೆಗಾಲದ ಫೋಟೋ ನೋಡಿ ಬಂದವರಿಗೆ ನಿರಾಸೆಯಾಗುವುದು ಇಲ್ಲೇ. ನೀರು ಕಡಿಮೆಯೆಂದು ಬಂಡೆಗಿಳಿಯಬೇಡಿ: ಪಾಚಿ ಜಾರುತ್ತದೆ, ಮೇಲೆ ಮಳೆಯಾದರೆ ಹರಿವು ಥಟ್ಟನೆ ಏರುತ್ತದೆ.

ಇನ್ನೊಂದು ದಿನವಿದ್ದರೆ ಕೊಡಗಿನ ದಕ್ಷಿಣದ ಇರ್ಪು ಜಲಪಾತ, ಇಲ್ಲವೇ ಸೋಮವಾರಪೇಟೆಯಿಂದ ಸುಮಾರು 25 ಕಿ.ಮೀ. ದೂರದ ಮಲ್ಲಳ್ಳಿ ಜಲಪಾತ. ಎರಡನ್ನೂ ಒಂದೇ ದಿನಕ್ಕೆ ತುರುಕಬೇಡಿ, ದಿಕ್ಕೇ ಬೇರೆ. ಮಕ್ಕಳು, ಹಿರಿಯರಿದ್ದರೆ ಇರ್ಪು ಒಳ್ಳೆಯದು: ರಾಮೇಶ್ವರ ದೇವಾಲಯದಿಂದ ಕಾಡಿನ ನೆರಳಲ್ಲೇ ನಡಿಗೆ. ಮಲ್ಲಳ್ಳಿಯ ನೂರಾರು ಮೆಟ್ಟಿಲಿಗೆ ತಲಾ ಒಂದು ಲೀಟರ್ ನೀರು ಬೇಕು.

ಮಧ್ಯಾಹ್ನದ ನಂತರ ಗುಡುಗು ಮಳೆ ಬರಬಹುದು. ಕೊಡೆ, ತೆಳು ಸ್ವೆಟರ್, ಹಿಡಿತವಿರುವ ಚಪ್ಪಲಿ ಚೀಲದಲ್ಲಿರಲಿ. ಮಳೆ ಬಿದ್ದ ಮೇಲೆ ಜಿಗಣೆಗೆ ಉಪ್ಪು.