ಸಂಬಳವೂ ಇದೆ, ಕಬ್ಬೂ ಇದೆ: ಐಟಿ ರಿಟರ್ನ್ ಸಲ್ಲಿಸುವುದು ಹೇಗೆ?

ಮುಧೋಳ, ಜಮಖಂಡಿ ಕಡೆ ಎಷ್ಟೋ ಮನೆಗಳಲ್ಲಿ ತಿಂಗಳ ಸಂಬಳದ ಜೊತೆ ಕಬ್ಬಿನ ಬಿಲ್ಲೂ ಬರುತ್ತದೆ. ಮನೆಯಲ್ಲೊಬ್ಬರು ಶಾಲೆಯಲ್ಲೋ ಬ್ಯಾಂಕಿನಲ್ಲೋ ನೌಕರಿಯಲ್ಲಿರುತ್ತಾರೆ, ಊರಲ್ಲಿ ನಾಲ್ಕೆಕರೆ ಹೊಲ ಇರುತ್ತದೆ. ಇಂಥವರಿಗೆ ರಿಟರ್ನ್ ಕಷ್ಟವೆನಿಸುವುದು ಹೊಲದ ಲೆಕ್ಕ ಎಲ್ಲಿ ಬರೆಯಬೇಕೆಂದು ಗೊತ್ತಿಲ್ಲದ್ದರಿಂದ. ಅದೊಂದು ತಿಳಿದರೆ ಉಳಿದ ಕೆಲಸ ಮನೆಯಲ್ಲೇ ಕುಳಿತು ಮುಗಿಸಬಹುದು.

ಮೊದಲು ಕಾಗದ ಜೋಡಿಸಿ. ಸಂಬಳ ಕೊಡುವ ಕಚೇರಿ ಜೂನ್ 15ರೊಳಗೆ ಫಾರ್ಮ್ 16, ಅಂದರೆ ಸಂಬಳ ಮತ್ತು ಅದರಲ್ಲಿ ಕಡಿತವಾದ ತೆರಿಗೆಯ ಪ್ರಮಾಣಪತ್ರ ಕೊಡಬೇಕು. ಕೊಡದಿದ್ದರೆ ಕೇಳಿ ಪಡೆಯಿರಿ. ಆಮೇಲೆ ಆದಾಯ ತೆರಿಗೆ ಪೋರ್ಟಲ್‌ಗೆ ಲಾಗಿನ್ ಆಗಿ ಎಐಎಸ್ (ನಿಮ್ಮ ವರ್ಷದ ಆದಾಯ, ವ್ಯವಹಾರಗಳ ಪಟ್ಟಿ) ಇಳಿಸಿಕೊಳ್ಳಿ. ಅದರ ಪಿಡಿಎಫ್ ಪಾಸ್‌ವರ್ಡ್ ಕೇಳುತ್ತದೆ: ಪ್ಯಾನ್ ನಂಬರನ್ನು ಸಣ್ಣ ಅಕ್ಷರಗಳಲ್ಲಿ ಹೊಡೆದು, ಅದರ ಹಿಂದೆಯೇ ಹುಟ್ಟಿದ ದಿನ, ತಿಂಗಳು, ವರ್ಷವನ್ನು ಎಂಟು ಅಂಕಿಗಳಲ್ಲಿ ಸೇರಿಸಿ. ಡಿಪಾಜಿಟ್ ಬಡ್ಡಿ, ಡಿವಿಡೆಂಡ್, ಮೂಲದಲ್ಲೇ ಕಡಿತವಾದ ತೆರಿಗೆ (ಟಿಡಿಎಸ್) ಎಲ್ಲ ಅಲ್ಲಿ ಕಾಣುತ್ತದೆ. ಫಾರ್ಮ್ 16ರಲ್ಲಿ ಇಲ್ಲದ ಬಡ್ಡಿ ಇಲ್ಲಿದ್ದರೆ ಅದನ್ನೂ ತೋರಿಸಬೇಕು. ನೋಟಿಸ್ ಬರುವುದು ಹೆಚ್ಚಾಗಿ ಇಂಥ ಬಿಟ್ಟುಹೋದ ಬಡ್ಡಿಗೇ. ನಿಮ್ಮದಲ್ಲದ ವ್ಯವಹಾರ ಕಂಡರೆ ಅಲ್ಲೇ ಆಕ್ಷೇಪಣೆ ದಾಖಲಿಸಬಹುದು.

ಕಬ್ಬಿನ ಬಿಲ್, ಗೊಬ್ಬರ ಮತ್ತು ಕೂಲಿಯ ರಸೀದಿ, ಹೊಲದ ಉತಾರ (ಪಹಣಿ) ಕೂಡ ಒಂದೇ ಫೈಲಿನಲ್ಲಿರಲಿ.

ಯಾವ ಫಾರ್ಮ್?

ಇಲ್ಲೇ ಜಾಸ್ತಿ ಜನ ಎಡವುವುದು. ಐಟಿಆರ್-1 ಎಲ್ಲಕ್ಕಿಂತ ಸುಲಭ, ಹಾಗಾಗಿ ಎಲ್ಲರೂ ಅದನ್ನೇ ತುಂಬುತ್ತಾರೆ. ಆದರೆ ಅದರಲ್ಲಿ ಕೃಷಿ ಆದಾಯ 5,000 ರೂಪಾಯಿವರೆಗೆ ಮಾತ್ರ ತೋರಿಸಬಹುದು. ಅದಕ್ಕಿಂತ ಹೆಚ್ಚಾದರೆ, ಸಂಬಳದವರು ಐಟಿಆರ್-2 ತುಂಬಬೇಕು. ಹೊಲ ಲಾವಣಿಗೆ (ಗುತ್ತಿಗೆಗೆ) ಕೊಟ್ಟು ಬಂದ ಹಣವೂ ಕೃಷಿ ಆದಾಯವೇ. ಎಮ್ಮೆ ಸಾಕಿ ಡೇರಿಗೆ ಹಾಲು ಹಾಕಿದ ಹಣ ಮಾತ್ರ ಹಾಗಲ್ಲ, ಅದು ವ್ಯಾಪಾರದ ಆದಾಯ.

ಕೃಷಿ ಆದಾಯಕ್ಕೆ ತೆರಿಗೆ ಇಲ್ಲ ಅಲ್ವಾ, ಮತ್ಯಾಕೆ ತೋರಿಸಬೇಕು? ತೆರಿಗೆ ಇಲ್ಲ, ನಿಜ. ಆದರೆ ಉಳಿದ ಆದಾಯಕ್ಕೆ ಎಷ್ಟು ತೆರಿಗೆ ಎಂದು ಲೆಕ್ಕ ಹಾಕುವಾಗ ಅದನ್ನೂ ಸೇರಿಸಿಕೊಳ್ಳುತ್ತಾರೆ. 2025-26ನೇ ಸಾಲಿನ ಹೊಸ ತೆರಿಗೆ ಪದ್ಧತಿಯಲ್ಲಿ (ದರ ಕಡಿಮೆ, ವಿನಾಯಿತಿಗಳೂ ಕಡಿಮೆ) ಒಂದು ಲೆಕ್ಕ ನೋಡಿ. ಸಂಬಳದವರಿಗೆಲ್ಲ ಸಿಗುವ 75,000 ರೂಪಾಯಿಯ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು ಸಂಬಳ 9 ಲಕ್ಷ, ಖರ್ಚು ಕಳೆದು ಕಬ್ಬಿನದು 3 ಲಕ್ಷ. ಒಟ್ಟು 12 ಲಕ್ಷಕ್ಕೆ ತೆರಿಗೆ 60,000. ಕಬ್ಬಿನ 3 ಲಕ್ಷಕ್ಕೆ ವಿನಾಯಿತಿ ಮಿತಿಯ 4 ಲಕ್ಷ ಸೇರಿಸಿದರೆ 7 ಲಕ್ಷ, ಅದರ ತೆರಿಗೆ 15,000. ಇದನ್ನು ಕಳೆದರೆ 45,000. ತೆರಿಗೆಗೆ ಒಳಪಡುವ ಆದಾಯ (ಇಲ್ಲಿ ಸಂಬಳದ 9 ಲಕ್ಷ ಮಾತ್ರ) 12 ಲಕ್ಷ ದಾಟದವರಿಗೆ 60,000ದವರೆಗೆ ರಿಬೇಟ್, ಅಂದರೆ ತೆರಿಗೆ ಮಾಫಿ ಇರುವುದರಿಂದ ಕಟ್ಟಬೇಕಾದದ್ದು ಸೊನ್ನೆ! ಹೆದರಿ ಮುಚ್ಚಿಡುವಂಥದ್ದು ಇದರಲ್ಲಿ ಏನೂ ಇಲ್ಲ. ಸಾಫ್ಟ್‌ವೇರೇ ಈ ಲೆಕ್ಕ ಮಾಡುತ್ತದೆ, ನೀವು ಅಂಕಿ ಸರಿಯಾಗಿ ಕೊಟ್ಟರೆ ಸಾಕು.

ನಿವ್ವಳ ಕೃಷಿ ಆದಾಯ 5 ಲಕ್ಷ ದಾಟಿದರೆ ಜಿಲ್ಲೆ, ಪಿನ್‌ಕೋಡ್, ಎಷ್ಟು ಎಕರೆ, ಸ್ವಂತದ್ದೋ ಲಾವಣಿಯದ್ದೋ, ನೀರಾವರಿಯೋ ಮಳೆಯಾಶ್ರಿತವೋ ಎಂಬುದನ್ನೂ ಬರೆಯಬೇಕು. ಉತಾರ ಆಗ ಬೇಕಾಗುತ್ತದೆ. ಉತಾರ ಅಪ್ಪನ ಹೆಸರಲ್ಲಿದ್ದು ಬಿಲ್ ನಿಮ್ಮ ಖಾತೆಗೆ ಬರುತ್ತಿದ್ದರೆ ಸುಮ್ನೆ ಊಹಿಸಿ ತುಂಬಬೇಡಿ, ಒಬ್ಬ ಸಿಎ ಅವರನ್ನು ಕೇಳಿ.

ರೀಫಂಡ್ ಬರುವ ಖಾತೆ

ಪೋರ್ಟಲ್‌ನಲ್ಲಿ ಖಾತೆಯನ್ನು ಮೊದಲೇ ದೃಢೀಕರಿಸಿರಬೇಕು. ನಮ್ಮ ಕಡೆ ಒಂದು ಕಾಗದದಲ್ಲಿ ಅಡ್ಡಹೆಸರು ಮುಂದಿರುತ್ತದೆ, ಇನ್ನೊಂದರಲ್ಲಿ ಹಿಂದಿರುತ್ತದೆ. ಪ್ಯಾನ್, ಆಧಾರ್, ಪಾಸ್‌ಬುಕ್ ಮೂರನ್ನೂ ಎದುರಿಗಿಟ್ಟು ಅಕ್ಷರ ಅಕ್ಷರ ಹೋಲಿಸಿ ನೋಡಿ. ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕ್‌ನಲ್ಲಿ ಸೇರಿದೆ. ಹಳೆಯ ಪಾಸ್‌ಬುಕ್ ಇದ್ದವರು ಐಎಫ್‌ಎಸ್‌ಸಿ ಕೋಡ್ ಯಾವುದೆಂದು ಶಾಖೆಯಲ್ಲಿ ವಿಚಾರಿಸಿಕೊಳ್ಳಿ.

ಹೊಸ ಪದ್ಧತಿ ತಾನಾಗಿಯೇ ಆಯ್ಕೆಯಾಗಿರುತ್ತದೆ. ಗೃಹಸಾಲ, ಎಲ್‌ಐಸಿ ಜಾಸ್ತಿ ಇದ್ದವರು ಹಳೆಯದರಲ್ಲೂ ಲೆಕ್ಕ ಹಾಕಿ ನೋಡಿ. ಹಳೆಯದು ಬೇಕಾದರೆ ಗಡುವಿನೊಳಗೇ ಸಲ್ಲಿಸಬೇಕು. ಗಡುವು ಸಾಮಾನ್ಯವಾಗಿ ಜುಲೈ 31. ತಡವಾದರೆ 5,000 ರೂಪಾಯಿವರೆಗೆ ಶುಲ್ಕ.

ಸಲ್ಲಿಸಿದ ಮೇಲೆ 30 ದಿನದೊಳಗೆ ಇ-ವೆರಿಫೈ ಮಾಡಲೇಬೇಕು. ಆಧಾರ್‌ಗೆ ಜೋಡಿಸಿದ ಮೊಬೈಲ್ ಕೈಯಲ್ಲಿದ್ದರೆ ಒಂದು ಒಟಿಪಿಯಲ್ಲಿ ಮುಗಿಯುತ್ತದೆ. ಆ ನಂಬರ್ ಬಂದ್ ಆಗಿದ್ದರೆ ನೆಟ್‌ಬ್ಯಾಂಕಿಂಗ್ ಮೂಲಕ ಮಾಡಿ, ಇಲ್ಲವೇ ರಿಟರ್ನಿನ ಸ್ವೀಕೃತಿ ಪತ್ರವಾದ ಐಟಿಆರ್-ವಿ ಪ್ರಿಂಟ್ ತೆಗೆದು ಸಹಿ ಹಾಕಿ ಬೆಂಗಳೂರಿನ ಸಿಪಿಸಿಗೆ (ಇಲಾಖೆಯ ಕೇಂದ್ರ ಸಂಸ್ಕರಣಾ ಕಚೇರಿಗೆ) ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ.