ಪಂಪ್ ಮೇಲೂ ನಾನು ಸೆವೊಫ್ಲುರೇನ್ ನಿಲ್ಲಿಸಲ್ಲ, ಯಾಕೆ ಅಂದ್ರೆ

ನಾನು ಹಾರ್ಟ್ ಆಪರೇಷನ್‌ಗಳಿಗೆ ಅನಸ್ತೇಷಿಯಾ ಕೊಡೋ ಡಾಕ್ಟರ್. ಶುರುವಿನ ವರ್ಷಗಳಲ್ಲಿ ಬೈಪಾಸ್ ಕೇಸ್ ಅಂದ್ರೆ ಪಂಪ್ (ಆಪರೇಷನ್ ಹೊತ್ತಲ್ಲಿ ಹೃದಯ, ಶ್ವಾಸಕೋಶದ ಕೆಲಸ ಮಾಡೋ ಮಷೀನ್) ಶುರುವಾಗೋವರೆಗೂ ಪ್ರಜ್ಞೆ ತಪ್ಪಿಸೋ ಸೆವೊಫ್ಲುರೇನ್ ಗ್ಯಾಸ್, ಆಮೇಲೆ ಅದನ್ನ ಆಫ್ ಮಾಡಿ ಅದೇ ಕೆಲಸಕ್ಕೆ ಪ್ರೊಪೊಫಾಲ್ ಡ್ರಿಪ್, ಪಂಪಿಂದ ಹೊರಗೆ ಬಂದ್ಮೇಲೆ ಮತ್ತೆ ಗ್ಯಾಸ್, ಹೀಗೇ ಮಾಡ್ತಿದ್ದೆ. ಪಂಪ್ ಮೇಲಿದ್ದಾಗ ಶ್ವಾಸಕೋಶಕ್ಕೆ ರಕ್ತ ಹೋಗೋದೇ ಅತ್ಯಲ್ಪ, ವೆಂಟಿಲೇಟರ್ ಕೂಡ ನಿಲ್ಸಿರ್ತೀವಿ, ನಮ್ಮ ಅನಸ್ತೇಷಿಯಾ ಮಷೀನಿನ ಗ್ಯಾಸ್ ಪೇಷೆಂಟಿಗೆ ತಲುಪೋ ದಾರೀನೇ ಇರಲ್ಲ. ಆದ್ರೆ ಹೃದಯಕ್ಕೆ ಪೆಟ್ಟು ಬೀಳೋದು ಅದೇ ಹೊತ್ತಲ್ಲಿ. ಹೃದಯದಿಂದ ಹೊರಡೋ ದೊಡ್ಡ ರಕ್ತನಾಳ ಅಯೋರ್ಟಾಗೆ ಕ್ಲಾಂಪ್ ಹಾಕಿದಾಗ ರಕ್ತ ನಿಂತು ಒಂದು ಪೆಟ್ಟು, ಕ್ಲಾಂಪ್ ತೆಗೆದಾಗ ರಕ್ತ ವಾಪಸ್ ನುಗ್ಗಿ ಇನ್ನೊಂದು ಪೆಟ್ಟು.

ಇದರ ಹಿಂದಿನ ಕಥೆ 1986ರದ್ದು. ನಾಯಿಗಳ ಹೃದಯಕ್ಕೆ 5 ನಿಮಿಷದಂತೆ 4 ಸಲ ರಕ್ತ ತಡೆದು ಬಿಟ್ಟು, ಆಮೇಲೆ 40 ನಿಮಿಷ ತಡೆದ್ರೆ, ಸತ್ತ ಸ್ನಾಯು ಸುಮಾರು ಕಾಲುಭಾಗಕ್ಕೆ ಇಳೀತು. ಚಿಕ್ಕ ಪೆಟ್ಟು ತಿಂದ ಸ್ನಾಯು ದೊಡ್ಡ ಪೆಟ್ಟಿಗೆ ತಯಾರಾಗಿರತ್ತೆ ಅನ್ನೋದು ಅಲ್ಲಿ ಗೊತ್ತಾಯ್ತು. 1997ರಲ್ಲಿ ಸೆವೊಫ್ಲುರೇನ್ ಥರದ್ದೇ ಇನ್ನೊಂದು ಗ್ಯಾಸ್ ಐಸೊಫ್ಲುರೇನ್ ಕೊಟ್ರೂ ಅಂಥದ್ದೇ ರಕ್ಷಣೆ ಸಿಗತ್ತೆ, ರಕ್ತ ತಡೀಬೇಕಾಗೇ ಇಲ್ಲ ಅಂತ ಪ್ರಾಣಿಗಳಲ್ಲಿ ತೋರಿಸಿದ್ರು. ಹೃದಯದ ಜೀವಕೋಶದಲ್ಲಿ, ಅದರಲ್ಲೂ ಕೋಶಕ್ಕೆ ಶಕ್ತಿ ತಯಾರಿಸೋ ಮೈಟೊಕಾಂಡ್ರಿಯಾದಲ್ಲಿ ಎಟಿಪಿ (ಕೋಶದ ಇಂಧನ) ಪ್ರಮಾಣ ನೋಡ್ಕೊಂಡು ತೆರೆಯೋ ಪೊಟ್ಯಾಸಿಯಂ ಚಾನೆಲ್‌ಗಳಿವೆ, ಗ್ಯಾಸ್ ಅವುಗಳನ್ನ ತೆರೆಯೋಕೆ ಸುಲಭ ಮಾಡತ್ತೆ. ರಕ್ತ ವಾಪಸ್ ಬಂದಾಗ ಮೈಟೊಕಾಂಡ್ರಿಯಾದ ಪೊರೆಯಲ್ಲಿ ಒಂದು ದೊಡ್ಡ ರಂಧ್ರ ತೆರ್ಕೊಂಡ್ರೆ ಆ ಕೋಶದ ಕಥೆ ಮುಗೀತು, ಅದನ್ನ ತೆರೆಯದ ಹಾಗೆ ನೋಡ್ಕೊಳ್ಳೋದೇ ಈ ರಕ್ಷಣೆಯ ಮುಖ್ಯ ಭಾಗ ಅಂತ ನಂಬಿಕೆ.

ನನ್ನ ಪದ್ಧತಿ ಬದಲಾಗಿದ್ದು ಡಿ ಹರ್ಟ್ ಅನ್ನೋ ಸಂಶೋಧಕರ 2004ರ ಸ್ಟಡಿ ಓದಿದ್ಮೇಲೆ. ಪಂಪಿಗೆ ಮೊದಲು ಮಾತ್ರ, ನಂತರ ಮಾತ್ರ, ಇಡೀ ಆಪರೇಷನ್ ಪೂರ್ತಿ ಅಂತ ಮೂರು ಥರ ಸೆವೊಫ್ಲುರೇನ್ ಕೊಟ್ಟು ಪ್ರೊಪೊಫಾಲ್ ಜೊತೆ ಹೋಲಿಸಿದ್ರು, ಹೃದಯದ ಸ್ನಾಯುವಿಗೆ ಪೆಟ್ಟಾದ್ರೆ ರಕ್ತದಲ್ಲಿ ಏರೋ ಟ್ರೋಪೊನಿನ್ ಎಲ್ಲರಿಗಿಂತ ಕಡಿಮೆ ಇದ್ದಿದ್ದು ಪೂರ್ತಿ ಕೊಟ್ಟವರಲ್ಲಿ. ಆಮೇಲೆ ಪಂಪ್ ನಡೆಸೋ ನಮ್ಮ ಪರ್‌ಫ್ಯೂಷನಿಸ್ಟ್ ಜೊತೆ ಕೂತು ಪಂಪಿನ ಆಕ್ಸಿಜನೇಟರ್‌ಗೆ (ರಕ್ತಕ್ಕೆ ಆಮ್ಲಜನಕ ಸೇರಿಸೋ ಭಾಗ) ಹೋಗೋ ಗ್ಯಾಸ್ ಲೈನಿಗೇ ಸೆವೊಫ್ಲುರೇನ್ ಆವಿ ಮಾಡಿ ಬಿಡೋ ವೇಪರೈಸರ್ ಜೋಡಿಸಿದ್ವಿ. ಇಲ್ಲಿ ಎರಡು ವಿಷಯ ನೆನಪಿಡಿ, ಪಾಲಿಮಿಥೈಲ್‌ಪೆಂಟೀನ್ ಅನ್ನೋ ಪ್ಲಾಸ್ಟಿಕ್ಕಿನ ಮೆಂಬ್ರೇನ್ (ಪೊರೆ) ಇರೋ ಆಕ್ಸಿಜನೇಟರ್ ಆದ್ರೆ ಗ್ಯಾಸ್ ಸರಿಯಾಗಿ ದಾಟಲ್ಲ, ಪಾಲಿಪ್ರೊಪಿಲೀನ್ ಇರಬೇಕು, ಇನ್ನೊಂದು, ಆಕ್ಸಿಜನೇಟರಿಂದ ಹೊರಗೆ ಬರೋ ಗ್ಯಾಸ್ ಎಳೆಯೋಕೆ ಸಕ್ಷನ್ ಬೇಕು, ಇಲ್ಲಾಂದ್ರೆ ಥಿಯೇಟರಿನವರೆಲ್ಲ ಅದನ್ನೇ ಉಸಿರಾಡ್ತಾರೆ.

ನಾನು ಸಾಮಾನ್ಯವಾಗಿ 1ರಿಂದ 2 ಪರ್ಸೆಂಟ್ ಇಡ್ತೀನಿ, ಬಿಪಿ ಇಳಿದ್ರೆ ಗ್ಯಾಸ್ ಕಡಿಮೆ ಮಾಡೋ ಮೊದಲು ಬಿಪಿ ಏರಿಸೋ ನಾರ್ಅಡ್ರಿನಲಿನ್ ಸ್ವಲ್ಪ ಕೊಡ್ತೀನಿ. ಒಂದ್ಸಲ ಪಂಪಿನ ವೇಪರೈಸರ್ ಖಾಲಿಯಾಗಿದ್ದು ಯಾರಿಗೂ ಗೊತ್ತಾಗ್ಲಿಲ್ಲ, ಮೆದುಳಿನ ಅಲೆ ನೋಡಿ ಪ್ರಜ್ಞೆ ಎಷ್ಟು ಆಳ ತಪ್ಪಿದೆ ಅಂತ ಹೇಳೋ ಬಿಐಎಸ್ ನಂಬರು (ಏರಿದಷ್ಟೂ ಎಚ್ಚರಕ್ಕೆ ಹತ್ತಿರ) 40ರ ಆಸುಪಾಸು ಇದ್ದಿದ್ದು 65 ದಾಟ್ತು, ನಾನು ತಕ್ಷಣ ಪ್ರೊಪೊಫಾಲ್ ಕೊಟ್ಟೆ. ಆ ಪೇಷೆಂಟಿಗೆ ಆಮೇಲೆ ಏನೂ ನೆನಪಿರಲಿಲ್ಲ, ಆದ್ರೂ ಅವರನ್ನ ಕೇಳೋವರೆಗೂ ನನಗೆ ನಿದ್ದೆ ಬರಲಿಲ್ಲ. ಅವತ್ತಿಂದ ಕ್ಲಾಂಪ್ ಹಾಕೋ ಮೊದಲು ವೇಪರೈಸರ್ ಲೆವೆಲ್ ನಾನೇ ಹೋಗಿ ನೋಡ್ತೀನಿ, ಬೇರೆಯವರಿಗೆ ಬಿಡಲ್ಲ.

ಮ್ಯಾಲಿಗ್ನೆಂಟ್ ಹೈಪರ್‌ಥರ್ಮಿಯಾ (ಇಂಥ ಗ್ಯಾಸಿಂದ ಮೈ ವಿಪರೀತ ಬಿಸಿಯಾಗೋ, ಪ್ರಾಣಕ್ಕೆ ಕುತ್ತು ತರೋ ಸ್ಥಿತಿ) ಅಪಾಯ ಇರೋರಿಗೆ ಗ್ಯಾಸ್ ಮುಟ್ಟೋ ಹಾಗೇ ಇಲ್ಲ. ಶುಗರ್ ಪೇಷೆಂಟ್‌ಗಳದ್ದು ಬೇರೆ ಚಿಂತೆ, ಗ್ಲಿಬೆನ್‌ಕ್ಲಮೈಡ್ ಅನ್ನೋ ಶುಗರ್ ಮಾತ್ರೆ ಆ ಪೊಟ್ಯಾಸಿಯಂ ಚಾನೆಲ್‌ಗಳನ್ನೇ ಮುಚ್ಚತ್ತೆ, ಪ್ರಾಣಿಗಳಲ್ಲಿ ಅದನ್ನ ಕೊಟ್ರೆ ಗ್ಯಾಸಿನ ರಕ್ಷಣೆ ಹೋಗಿಬಿಡತ್ತೆ, ಶುಗರ್ ಜಾಸ್ತಿ ಇದ್ರೂ ಅಷ್ಟೇ.

2019ರಲ್ಲಿ ಮಿರಿಯಡ್ ಟ್ರಯಲ್ ಬಂತು, 13 ದೇಶ, 5400 ಬೈಪಾಸ್ ಪೇಷೆಂಟ್‌ಗಳು. ಒಂದು ವರ್ಷದಲ್ಲಿ ಸಾವು ಗ್ಯಾಸ್ ಗುಂಪಲ್ಲಿ 2.8 ಪರ್ಸೆಂಟ್, ಬರೀ ಇಂಜೆಕ್ಷನ್ ಅನಸ್ತೇಷಿಯಾ ಗುಂಪಲ್ಲಿ 3.0, ಅಂದ್ರೆ ವ್ಯತ್ಯಾಸವೇ ಇಲ್ಲ. ವರ್ಷಗಟ್ಟಲೆ ನಂಬಿದ್ದನ್ನ ಹಾಗೆ ನೋಡಿ ನನಗೆ ತುಂಬಾ ಬೇಜಾರಾಯ್ತು. ಗ್ಯಾಸ್ ನಿಲ್ಸಿಲ್ಲ, ಅದರಿಂದ ಕೆಟ್ಟದ್ದೂ ಆಗಲ್ಲ, ನನ್ನ ಕೈಗೆ ಪಳಗಿದೆ. ಆದ್ರೆ ಪ್ರಾಣ ಉಳಿಸತ್ತೆ ಅಂತ ಜೂನಿಯರ್‌ಗಳಿಗೆ ಹೇಳೋದು ಬಿಟ್ಟಿದೀನಿ, ಈ ಎರಡು ನಂಬರನ್ನ ಅವರ ಮುಂದೆ ಇಟ್ಟೇ ಪಾಠ ಶುರು ಮಾಡ್ತೀನಿ.