ಹವ್ಯಾಸಿ ಕಾರು ರೇಸಿನಲ್ಲಿ ಪ್ರೊಟೆಸ್ಟ್ ಸಲ್ಲಿಸುವ ಕ್ರಮ

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆಯಿಂದ ಆಟೋಕ್ರಾಸ್‌ಗೆಂದೋ, ಕೊಲ್ಹಾಪುರದ ಗೋ-ಕಾರ್ಟ್ ಟ್ರ್ಯಾಕಿಗೆಂದೋ, ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆಂದೋ ಸ್ವಂತ ಖರ್ಚಿನಲ್ಲಿ ಹೋಗುವವರು ಎಂಜಿನ್, ಟೈರು, ಸಸ್ಪೆನ್ಷನ್‌ಗಳ ಬಗ್ಗೆ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ನಿಯಮಾವಳಿಯನ್ನು ಮಾತ್ರ ಫಲಿತಾಂಶ ತಮಗೆ ವಿರುದ್ಧವಾಗಿ ಬಂದ ಮೇಲೆ ತೆರೆಯುತ್ತಾರೆ. ಅಷ್ಟರಲ್ಲಿ ಪ್ರೊಟೆಸ್ಟಿನ, ಅಂದರೆ ಅಧಿಕಾರಿಗಳಿಗೆ ಕೊಡುವ ಲಿಖಿತ ಆಕ್ಷೇಪಣೆಯ, ಗಡುವು ಮುಗಿದಿರುತ್ತದೆ. ಆಮೇಲೆ ಉಳಿಯುವುದು ಪ್ಯಾಡಕ್ಕಿನಲ್ಲಿ (ತಂಡಗಳು ಕಾರು ನಿಲ್ಲಿಸಿಕೊಳ್ಳುವ ಆವರಣದಲ್ಲಿ) ಗೊಣಗುವುದು ಮತ್ತು ವಾಟ್ಸಾಪ್ ಗುಂಪಿನಲ್ಲಿ ಗೆದ್ದವನ ಕಾರಿನ ಬಗ್ಗೆ ಅನುಮಾನ ಹರಡುವುದು. ಲಿಖಿತ ಪ್ರೊಟೆಸ್ಟ್ ಕೊಡುವುದು ಕ್ರೀಡಾಮನೋಭಾವಕ್ಕೆ ತಕ್ಕುದಲ್ಲ ಎಂದು ಅನೇಕರು ಹಿಂಜರಿಯುತ್ತಾರೆ. ಎದುರಾಳಿಗೆ ಉತ್ತರಿಸುವ ಅವಕಾಶವನ್ನೇ ಕೊಡದ ಆ ಗೊಣಗಾಟ ಹೆಚ್ಚು ಅನುಚಿತವಾದುದೆಂದು ನನ್ನ ಅಭಿಪ್ರಾಯ.

ಭಾರತದಲ್ಲಿ ಮೋಟಾರ್ ಕ್ರೀಡೆಗಳನ್ನು ನಿಯಂತ್ರಿಸುವುದು 1971ರಲ್ಲಿ ಸ್ಥಾಪನೆಯಾದ ಫೆಡರೇಷನ್ ಆಫ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಸ್ ಆಫ್ ಇಂಡಿಯಾ, ಅಂದರೆ ಎಫ್‌ಎಂಎಸ್‌ಸಿಐ. ಅದು ಮೋಟಾರ್ ಕ್ರೀಡೆಗಳ ಜಾಗತಿಕ ಸಂಸ್ಥೆಯಾದ ಎಫ್‌ಐಎಯ ಸದಸ್ಯ ಸಂಸ್ಥೆಯಾಗಿರುವುದರಿಂದ ಎಫ್‌ಐಎಯ ಅಂತರರಾಷ್ಟ್ರೀಯ ಕ್ರೀಡಾ ಸಂಹಿತೆಯೇ ಇಲ್ಲಿಯ ಪ್ರೊಟೆಸ್ಟ್ ಪದ್ಧತಿಗೂ ಬುನಾದಿ. ಅದರ ಜೊತೆಗೆ ಪ್ರತಿ ಸ್ಪರ್ಧೆಗೂ ಆಯೋಜಕರು ಸಪ್ಲಿಮೆಂಟರಿ ರೆಗ್ಯುಲೇಷನ್ಸ್, ಅಂದರೆ ಆ ಸ್ಪರ್ಧೆಯ ಪೂರಕ ನಿಯಮಗಳನ್ನು ಹೊರಡಿಸುತ್ತಾರೆ. ಪ್ರೊಟೆಸ್ಟ್ ಶುಲ್ಕ ಎಷ್ಟು, ಫಲಿತಾಂಶ ಅಂಟಿಸುವ ಅಧಿಕೃತ ಸೂಚನಾಫಲಕ ಎಲ್ಲಿದೆ ಎಂಬುದನ್ನು ಅದರಲ್ಲಿ ನೋಡಿ, ಶುಲ್ಕದ ಹಣವನ್ನು ಊರಿಂದ ಹೊರಡುವಾಗಲೇ ಬೇರೆಯಾಗಿ ತೆಗೆದಿಡಿ.

ಎಲ್ಲಕ್ಕಿಂತ ಮುಖ್ಯವಾದದ್ದು ಸಮಯ. ರೇಸಿನಲ್ಲಿ ನಡೆದ ಅಕ್ರಮ, ಕಾರು ನಿಯಮಕ್ಕೆ ಹೊಂದದಿರುವುದು, ಫಲಿತಾಂಶದಲ್ಲಿಯ ದೋಷ, ಈ ಮೂರರ ವಿರುದ್ಧವೂ ತಾತ್ಕಾಲಿಕ ಫಲಿತಾಂಶ ಪ್ರಕಟವಾದ 30 ನಿಮಿಷದೊಳಗೆ ಪ್ರೊಟೆಸ್ಟ್ ಕೊಡಬೇಕು. ಕಾರುಗಳ ತಪಾಸಣೆ ಮಾಡುವ ಸ್ಕ್ರುಟಿನಿಯರ್ ನಿಮ್ಮ ಕಾರಿನ ಬಗ್ಗೆ ಕೈಗೊಂಡ ನಿರ್ಧಾರ ಒಪ್ಪಿಗೆಯಾಗದಿದ್ದರೆ ಆ ಕೂಡಲೇ ಕೊಡಬೇಕು. ಆದ್ದರಿಂದ ಕಾರು ನಿಲ್ಲಿಸಿದ ಕೂಡಲೇ ತಂಡದ ಒಬ್ಬರನ್ನು ಸೂಚನಾಫಲಕದ ಬಳಿಗೆ ಕಳಿಸಿ, ಫಲಿತಾಂಶದ ಹಾಳೆಯ ಮೇಲೆ ಬರೆದಿರುವ ಪ್ರಕಟಣೆಯ ಸಮಯದ ಫೋಟೊ ತೆಗೆಸಿಕೊಳ್ಳಿ.

ಪ್ರೊಟೆಸ್ಟ್ ಕೊಡುವ ಹಕ್ಕು ಸ್ಪರ್ಧಿಗೆ, ಅಂದರೆ ಯಾರ ಹೆಸರಿನಲ್ಲಿ ಎಂಟ್ರಿ ದಾಖಲಾಗಿದೆಯೋ ಅವರಿಗೆ ಮಾತ್ರ ಇರುತ್ತದೆ. ಮೆಕ್ಯಾನಿಕ್‌ಗಾಗಲಿ, ಜೊತೆಗೆ ಬಂದ ಅಣ್ಣನಿಗಾಗಲಿ ಇಲ್ಲ. ನಾಲ್ಕು ಜನ ಸೇರಿ ಒಂದೇ ಅರ್ಜಿಗೆ ಸಹಿ ಹಾಕಿದರೆ ಅದು ಸ್ವೀಕಾರವಾಗುವುದಿಲ್ಲ, ಒಂದೇ ಅರ್ಜಿಯಲ್ಲಿ ಇಬ್ಬರು ಸ್ಪರ್ಧಿಗಳ ಮೇಲೆ ದೂರಿದರೂ ಸ್ವೀಕಾರವಾಗುವುದಿಲ್ಲ. ಅರ್ಜಿಯನ್ನು ಸ್ಟೂವರ್ಡ್‌ಗಳ, ಅಂದರೆ ವಿಚಾರಣೆ ನಡೆಸಿ ತೀರ್ಪು ಕೊಡುವವರ, ಅಧ್ಯಕ್ಷರ ಹೆಸರಿಗೆ ಬರೆದು, ಶುಲ್ಕದೊಂದಿಗೆ ಸ್ಪರ್ಧೆ ನಡೆಸುವ ಮುಖ್ಯ ಅಧಿಕಾರಿಯಾದ ಕ್ಲರ್ಕ್ ಆಫ್ ದಿ ಕೋರ್ಸ್ ಅವರ ಕೈಗೆ ಕೊಟ್ಟು, ಸ್ವೀಕರಿಸಿದ ಸಮಯವನ್ನು ನಿಮ್ಮ ಪ್ರತಿಯ ಮೇಲೆ ಬರೆಸಿಕೊಳ್ಳಿ. ಸ್ಟಾರ್ಟ್ ಅಥವಾ ಫಿನಿಷ್ ಗೆರೆಯ ಬಳಿ ನೇಮಕಗೊಂಡ ನಿರ್ಣಾಯಕರು ಜಂಪ್ ಸ್ಟಾರ್ಟ್ (ಸಂಕೇತಕ್ಕೆ ಮೊದಲೇ ಹೊರಟದ್ದು) ಎಂದು ಹೇಳಿದರೆ ಅದರ ಮೇಲೆ ಪ್ರೊಟೆಸ್ಟ್ ನಡೆಯುವುದಿಲ್ಲ. ಕುಸ್ತಿ ಕಣದಲ್ಲಿ ಪಂಚರು ಚಿತ್ ಎಂದ ಮೇಲೆ ವಾದವಿಲ್ಲದಂತೆ ಅದೂ ಅಲ್ಲಿಗೇ ಮುಗಿಯುತ್ತದೆ.

ಅರ್ಜಿಯಲ್ಲಿ ಏನು ಬರೆಯಬೇಕೆಂಬಲ್ಲಿಯೇ ಹೆಚ್ಚಿನವರು ಎಡವುತ್ತಾರೆ. "ಅವರ ಕಾರು ಬಹಳ ವೇಗವಾಗಿ ಓಡುತ್ತಿದೆ" ಎಂಬುದು ಆಕ್ಷೇಪಣೆಯಲ್ಲ. ಯಾವ ನಿಯಮದ ಯಾವ ಕಲಮು, ಕಾರಿನ ಯಾವ ಭಾಗ, ಯಾವ ಅಳತೆ ಎಂಬುದು ಸ್ಪಷ್ಟವಾಗಿರಬೇಕು. ಉದಾಹರಣೆಗೆ 1300 ಸಿಸಿ ಮಿತಿಯ ವರ್ಗದಲ್ಲಿ ಓಡುವ ಹಳೆಯ ಮಾರುತಿ ಎಸ್ಟೀಮ್ ಕಾರನ್ನು ತೆಗೆದುಕೊಳ್ಳಿ. ಅದರ ನಾಲ್ಕು ಸಿಲಿಂಡರಿನ ಎಂಜಿನ್ನಿನ ಬೋರ್ (ಸಿಲಿಂಡರಿನ ಒಳವ್ಯಾಸ) 74 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) 75.5 ಮಿ.ಮೀ.; ಲೆಕ್ಕ ಹಾಕಿದರೆ 1298 ಸಿಸಿಗಿಂತ ತುಸು ಮೇಲಾಗುತ್ತದೆ. ಸವೆದ ಸಿಲಿಂಡರನ್ನು ಅರ್ಧ ಮಿಲಿಮೀಟರ್ ಬೋರಿಂಗ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಿಸಿದರೆ ಅದೇ ಎಂಜಿನ್ ಸುಮಾರು 1316 ಸಿಸಿಗೆ ಏರುತ್ತದೆ, ಕಾಲು ಮಿಲಿಮೀಟರ್ ಹೆಚ್ಚಿಸಿದರೂ 1307 ಸಿಸಿ ದಾಟುತ್ತದೆ. ಮೋಸದ ಉದ್ದೇಶವೇ ಇಲ್ಲದೆ ಬೆಳಗಾವಿಯ ಉದ್ಯಮಬಾಗದ ವರ್ಕ್‌ಶಾಪಿನಲ್ಲಿ ಮಾಡಿಸಿದ ಸಾಧಾರಣ ರಿಪೇರಿಯೂ, ಸಪ್ಲಿಮೆಂಟರಿ ರೆಗ್ಯುಲೇಷನ್ಸ್ ರಿಯಾಯಿತಿ ಕೊಡದಿದ್ದರೆ, ಕಾರನ್ನು ವರ್ಗದಿಂದ ಹೊರಗೆ ಹಾಕಬಲ್ಲದು. ಆದ್ದರಿಂದ ಬೋರ್ ಅಳತೆಯ ಮೇಲಿನ ಆಕ್ಷೇಪಣೆಯಲ್ಲಿ ಅಳತೆಯ ಮಾತನ್ನಷ್ಟೇ ಬರೆಯಿರಿ, ಎದುರಾಳಿಯ ಮನಸ್ಸಿನಲ್ಲಿ ಏನಿತ್ತೆಂಬುದನ್ನು ಬರೆಯಬೇಡಿ. ಎಂಜಿನ್ ಬಿಚ್ಚಿಸಬೇಕಾದ ಪ್ರೊಟೆಸ್ಟಿಗೆ ಸಾಮಾನ್ಯವಾಗಿ ಹೆಚ್ಚುವರಿ ಠೇವಣಿ ಕೇಳುತ್ತಾರೆ. ಆರೋಪ ಸುಳ್ಳಾದರೆ ಬಿಚ್ಚಿ ಜೋಡಿಸಿದ ಖರ್ಚು ನಿಮ್ಮದೇ.

ಡಿಕ್ಕಿ ಅಥವಾ ಅಪಾಯದ ಸಂಕೇತವಾದ ಹಳದಿ ಬಾವುಟದ ಕೆಳಗೆ ಓವರ್‌ಟೇಕ್ ಮಾಡಿದ ದೂರಾದರೆ ಲ್ಯಾಪ್ ಸಂಖ್ಯೆ, ತಿರುವಿನ ಹೆಸರು, ಆ ಸ್ಥಳದ ಮಾರ್ಷಲ್ ಪೋಸ್ಟ್ (ಬಾವುಟ ತೋರಿಸುವ ಸಿಬ್ಬಂದಿ ನಿಲ್ಲುವ ಜಾಗ), ಆನ್‌ಬೋರ್ಡ್ ಕ್ಯಾಮೆರಾದ ಕತ್ತರಿಸದ ವಿಡಿಯೊ ಇವಿಷ್ಟು ಸಾಕು. ಸ್ಟೂವರ್ಡ್‌ಗಳು ಎರಡೂ ಕಡೆಯವರನ್ನು ಕರೆಸಿ ಕೇಳುತ್ತಾರೆ, ಸಾಕ್ಷಿಗಳನ್ನು ಕರೆದೊಯ್ಯಬಹುದು. ಅಲ್ಲಿ ನೀವು ಕಂಡದ್ದನ್ನು ಮಾತ್ರ ಹೇಳಿ, ಎದುರಾಳಿ ಮಾತನಾಡುವಾಗ ನಡುವೆ ಬಾಯಿ ಹಾಕಬೇಡಿ. ಪ್ರೊಟೆಸ್ಟ್ ಮಾನ್ಯವಾದರೆ ಶುಲ್ಕ ಮರಳಿ ಬರುತ್ತದೆ. ದುರುದ್ದೇಶದಿಂದ ಕೊಟ್ಟದ್ದೆಂದು ಕಂಡುಬಂದರೆ ಕೊಟ್ಟವರಿಗೇ ದಂಡನೆಯಾಗಬಹುದು. ತೀರ್ಪು ಒಪ್ಪಿಗೆಯಾಗದಿದ್ದರೆ ಮೇಲ್ಮನವಿ ಸಲ್ಲಿಸುವ ಇರಾದೆಯನ್ನು ಒಂದು ಗಂಟೆಯೊಳಗೆ ಲಿಖಿತವಾಗಿ ತಿಳಿಸಬೇಕು.

ಪ್ರೊಟೆಸ್ಟ್ ನಿಮ್ಮ ಮೇಲೆಯೇ ಬಂದರೆ ಪಾರ್ಕ್ ಫರ್ಮೆಯಲ್ಲಿ (ರೇಸಿನ ನಂತರ ಕಾರುಗಳನ್ನು ನಿಲ್ಲಿಸುವ ನಿರ್ಬಂಧಿತ ಆವರಣದಲ್ಲಿ) ನಿಂತ ಕಾರನ್ನು ಯಾರೂ ಮುಟ್ಟದಂತೆ ನೋಡಿಕೊಳ್ಳಿ. ಬಾನೆಟ್ ಎತ್ತಿದರೂ ಸಂಶಯಕ್ಕೆ ಎಡೆಯಾಗುತ್ತದೆ. ಬೋರ್ ಅಳತೆ ನಮೂದಿಸಿದ ವರ್ಕ್‌ಶಾಪ್ ಬಿಲ್ಲು, ಪಿಸ್ಟನ್ನಿನ ಭಾಗಸಂಖ್ಯೆ, ಸ್ಕ್ರುಟಿನಿ ಹಾಳೆ ಒಂದೇ ಕಡತದಲ್ಲಿದ್ದರೆ ಉತ್ತರ ಸುಲಭ. ದೂರು ಕೊಟ್ಟವರೊಂದಿಗೆ ಪ್ಯಾಡಕ್ಕಿನಲ್ಲಿ ಜಗಳಕ್ಕಿಳಿಯಬೇಡಿ, ಅದಕ್ಕೆ ಬೇರೆಯದೇ ದಂಡವಿದೆ.

ಸ್ವತಃ ಕಾರು ಕಟ್ಟಿ ಸ್ಪರ್ಧೆಗೆ ಒಯ್ಯುವ ಎಂಜಿನಿಯರಿಂಗ್ ವಿದ್ಯಾರ್ಥಿಗಳ ವ್ಯವಸ್ಥೆ ಸ್ವಲ್ಪ ಬೇರೆ. ಅವರ ಸ್ಪರ್ಧೆಯಾದ ಫಾರ್ಮುಲಾ ಎಸ್‌ಎಇಯ ನಿಯಮಗಳಲ್ಲಿ ಹಣದ ಬದಲು 25 ಅಂಕಗಳನ್ನು ಪಣಕ್ಕಿಡಬೇಕಾಗುತ್ತದೆ, ಪ್ರೊಟೆಸ್ಟ್ ತಿರಸ್ಕೃತವಾದರೆ ಅವು ಕೈತಪ್ಪುತ್ತವೆ. ಆದ್ದರಿಂದ ತಂಡದ ನಾಯಕರು ಮೊದಲು ಸಂಬಂಧಪಟ್ಟ ಅಧಿಕಾರಿಯ ಬಳಿ ಅನೌಪಚಾರಿಕವಾಗಿ ವಿಚಾರಿಸಿ, ವಿವರಣೆ ಸಾಲದಿದ್ದರೆ ಮಾತ್ರ ಲಿಖಿತವಾಗಿ ಕೊಡಬೇಕು.